ಜರ್ಮನಿಯಲ್ಲಿ ಓದು, ದಿನದ ಬದುಕು: ಕಾರವಾರ, ಶಿರಸಿ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಜರ್ಮನಿಯಲ್ಲಿ ಓದುವ ವಿದೇಶಿ ವಿದ್ಯಾರ್ಥಿಗಳಲ್ಲಿ ಈಗ ಭಾರತದವರೇ ಎಲ್ಲರಿಗಿಂತ ಜಾಸ್ತಿ. ಅದರಲ್ಲಿ ನಮ್ಮ ಜಿಲ್ಲೆಯ ಮಕ್ಕಳೂ ಇದ್ದಾರೆ. ನಾನು ಕುಮಟಾದವಳು, ಜರ್ಮನಿಯಲ್ಲೇ ಮಾಸ್ಟರ್ಸ್ ಓದಿದವಳು. ಊರಿಗೆ ಬಂದಾಗಲೆಲ್ಲ ಯಾರಾದರೂ ಮಗನ ಬಗ್ಗೆಯೋ ಮಗಳ ಬಗ್ಗೆಯೋ ಕೇಳುತ್ತಾರೆ. ಹೋಗುವವರು ಕೇಳುವುದು ಒಂದು, ಮನೆಯವರು ಕೇಳುವುದು ಇನ್ನೊಂದು. ಎರಡನ್ನೂ ಇಲ್ಲಿ ಒಟ್ಟಿಗೇ ಹಾಕಿದ್ದೇನೆ. ದಯವಿಟ್ಟು ಮನೆಯವರ ಜೊತೆ ಕೂತು ಓದಿ. ಅಲ್ಲಿ ಬರುವ ತೊಂದರೆಗಳಲ್ಲಿ ಎಷ್ಟೋ ಪಾಲು, ಹಣ ಮತ್ತು ಕಾಗದಪತ್ರದ ವಿಷಯ ಮನೆಯಲ್ಲಿ ಮೊದಲೇ ಬಿಚ್ಚಿ ಮಾತಾಡದೇ ಇದ್ದುದರಿಂದ ಬರುತ್ತವೆ.

ಒಟ್ಟು ಎಷ್ಟು ದುಡ್ಡು ಬೇಕು? ಅಲ್ಲಿ ಓದು ಪುಕ್ಕಟೆ ಅಂತಾರಲ್ಲ?

ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಪಾಠದ ಶುಲ್ಕ ಇಲ್ಲ, ನಿಜ. ಆದರೆ ಸ್ಟುಟ್‌ಗಾರ್ಟ್, ಹೈಡೆಲ್‌ಬರ್ಗ್, ಕಾರ್ಲ್ಸ್‌ರೂಹೆ ಇರುವ ಬಾಡೆನ್-ವುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮಂಥವರಿಗೆ ಸೆಮಿಸ್ಟರಿಗೆ 1,500 ಯುರೊ ಶುಲ್ಕವಿದೆ. ಮ್ಯೂನಿಕ್‌ನ ತಾಂತ್ರಿಕ ವಿಶ್ವವಿದ್ಯಾಲಯವೂ 2024ರಿಂದ ಶುಲ್ಕ ಶುರು ಮಾಡಿದೆ. ಖಾಸಗಿ ಕಾಲೇಜುಗಳ ಫೀಸು ಬೇರೆಯೇ ಲೆಕ್ಕ. ಏಜೆಂಟರು ಅಂಥ ಕಾಲೇಜುಗಳನ್ನೇ ಮುಂದೆ ಮಾಡಿ ತೋರಿಸುವುದುಂಟು. ಹಾಗಾಗಿ ಸೇರುವ ಮೊದಲು ಅದು ಸರ್ಕಾರಿಯಾ ಖಾಸಗಿಯಾ ಅಂತ ನೀವೇ ನೋಡಿಕೊಳ್ಳಿ.

ಶುಲ್ಕ ಇರಲಿ ಬಿಡಲಿ, ವೀಸಾಕ್ಕೆ ಒಂದು ವರ್ಷದ ಖರ್ಚು ತೋರಿಸಲೇಬೇಕು. ಅದಕ್ಕೆ ಬ್ಲಾಕ್ಡ್ ಅಕೌಂಟ್ ಅಂತ ಒಂದು ಖಾತೆ ತೆರೆಯುತ್ತೀರಿ. 2024ರ ಸೆಪ್ಟೆಂಬರಿನಿಂದ ಅದರಲ್ಲಿ ಇಡಬೇಕಾದ ಮೊತ್ತ 11,904 ಯುರೊ. ಯುರೊ ನೂರು ರೂಪಾಯಿ ಆಸುಪಾಸು ಇದ್ದರೂ 12 ಲಕ್ಷ ಆಯಿತು. ಈ ದುಡ್ಡು ಎಲ್ಲಿಗೂ ಹೋಗುವುದಿಲ್ಲ, ನಿಮ್ಮದೇ. ಅಲ್ಲಿಗೆ ಹೋದ ಮೇಲೆ ತಿಂಗಳಿಗೆ 992 ಯುರೊದಂತೆ ಕೈಗೆ ಬರುತ್ತದೆ.

ಆ 992ರಲ್ಲಿ ತಿಂಗಳು ಕಳೆಯುತ್ತದಾ ಅನ್ನುವುದು ಊರಿನ ಮೇಲೆ ಹೋಗುತ್ತದೆ. ಆರೋಗ್ಯ ವಿಮೆಗೇ 140 ಯುರೊ ಮೇಲೆ ಬೇಕು. ಪೂರ್ವದ ಕೆಮ್ನಿಟ್ಸ್, ಮಾಗ್ಡೆಬುರ್ಗ್‌ನಂಥ ಊರಲ್ಲಿ ಹಾಸ್ಟೆಲ್ ಸಿಕ್ಕರೆ ಆರಾಮಾಗಿ ಸಾಗುತ್ತದೆ. ಮ್ಯೂನಿಕ್‌ನಲ್ಲಿ ಬಾಡಿಗೆಯೇ ಮುಕ್ಕಾಲು ಪಾಲು ನುಂಗಬಹುದು. ಎರಡು ಕಡೆ ಸೀಟು ಸಿಕ್ಕಿ ಕೋರ್ಸು ಒಂದೇ ಮಟ್ಟದ್ದಾಗಿದ್ದರೆ, ಚಿಕ್ಕ ಊರನ್ನೇ ಆರಿಸಿಕೊಳ್ಳಿ ಅಂತ ನಾನು ಹೇಳುತ್ತೇನೆ.

ತೋಟ ಅಡವಿಟ್ಟು ಸಾಲ ತೆಗೆಯಬಹುದಾ?

ಶಿರಸಿ, ಸಿದ್ದಾಪುರ, ಯಲ್ಲಾಪುರ ಕಡೆಯವರದ್ದು ಮೊದಲ ಪ್ರಶ್ನೆಯೇ ಇದು. ಸಾಮಾನ್ಯವಾಗಿ ಬ್ಯಾಂಕುಗಳು 7.5 ಲಕ್ಷಕ್ಕಿಂತ ಮೇಲಿನ ಶಿಕ್ಷಣ ಸಾಲಕ್ಕೆ ಆಸ್ತಿಯ ಭದ್ರತೆ ಕೇಳುತ್ತವೆ. ಆದರೆ ಕೃಷಿ ಭೂಮಿಯನ್ನು ಎಷ್ಟೋ ಬ್ಯಾಂಕುಗಳು ಒಪ್ಪುವುದಿಲ್ಲ. ಸಾಲ ತೀರದಿದ್ದರೆ ಆಸ್ತಿ ವಶಕ್ಕೆ ತೆಗೆದುಕೊಳ್ಳುವ ಸರ್ಫೇಸಿ ಕಾಯ್ದೆ ಕೃಷಿ ಭೂಮಿಗೆ ಅನ್ವಯಿಸುವುದಿಲ್ಲ, ಕಾರಣ ಅದು. ಹಾಗಾಗಿ ಒಳ್ಳೆ ಅಡಿಕೆ ತೋಟ ಇದ್ದವರೂ ಬ್ಯಾಂಕಿನಿಂದ ಬರಿಗೈಯಲ್ಲಿ ಬಂದದ್ದಿದೆ. ಇನ್ನು ಸೊಪ್ಪಿನಬೆಟ್ಟ ನಮ್ಮ ಸ್ವಂತದ್ದಲ್ಲ, ಬಳಸುವ ಹಕ್ಕು ಮಾತ್ರ. ಅತಿಕ್ರಮಣದ ಜಾಗಕ್ಕೂ ಸಾಲ ಹುಟ್ಟುವುದಿಲ್ಲ. ನಡೆಯುವುದು ಬಿನ್‌ಶೇತ್ಕಿ (ಕೃಷಿಯೇತರ ಅಂತ ಪರಿವರ್ತನೆ) ಆದ ಜಾಗ, ಪೇಟೆಯ ಮನೆ, ಠೇವಣಿ, ಎಲ್‌ಐಸಿ ಪಾಲಿಸಿ.

ಪಹಣಿಯಲ್ಲಿ ಅಜ್ಜನ ಹೆಸರೇ ಇದ್ದರೆ ವಾರಸಾ ಬದಲಾಯಿಸಲು ತಿಂಗಳುಗಟ್ಟಲೆ ಹಿಡಿಯುತ್ತದೆ. ದೊಡ್ಡಪ್ಪ, ಚಿಕ್ಕಪ್ಪ, ಅತ್ತೆ ಎಲ್ಲರ ಸಹಿ ಬೇಕಾಗಬಹುದು. ಪ್ರವೇಶಪತ್ರ ಬಂದ ಮೇಲೆ ನೋಡಿದರಾಯಿತು ಅಂತ ಕೂರಬೇಡಿ. ಅರ್ಜಿ ಹಾಕುವ ವರ್ಷದಲ್ಲೇ ಬ್ಯಾಂಕಿಗೆ ಹೋಗಿ ಕೇಳಿ. ಜರ್ಮನಿಯ ವಿದ್ಯಾರ್ಥಿ ವಿನಿಮಯ ಸಂಸ್ಥೆ ಡಾಡ್ (DAAD) ಕೊಡುವ ವಿದ್ಯಾರ್ಥಿವೇತನದ ಅರ್ಜಿಯೂ ಸುಮಾರು ಒಂದು ವರ್ಷ ಮೊದಲೇ ಶುರುವಾಗುತ್ತದೆ, ಅದನ್ನೂ ನೋಡಿ.

ಸ್ವಂತ ಹಣ ಕಳಿಸುವವರಿಗೆ ಇನ್ನೊಂದು ಮಾತು. ವರ್ಷಕ್ಕೆ 10 ಲಕ್ಷ ದಾಟಿದರೆ ಬ್ಯಾಂಕು ಟಿಸಿಎಸ್ ಅನ್ನುವ ತೆರಿಗೆಯನ್ನು ಮುಂಚಿತವಾಗಿ ಹಿಡಿಯುತ್ತದೆ. ರಿಟರ್ನ್ಸ್ ಹಾಕಿದರೆ ಅದನ್ನು ತೆರಿಗೆಗೆ ಹೊಂದಿಸಿಕೊಳ್ಳಬಹುದು, ಹೆಚ್ಚಾದದ್ದು ವಾಪಸ್ ಬರುತ್ತದೆ. ಬ್ಯಾಂಕಿನ ಶಿಕ್ಷಣ ಸಾಲದಿಂದ ಕಳಿಸಿದ ಹಣಕ್ಕೆ ಹಿಡಿಯುವುದಿಲ್ಲ.

ಪಾರ್ಟ್‌ಟೈಮ್ ಕೆಲಸ ಮಾಡಿ ಸಾಲ ತೀರಿಸಬಹುದು ಅಲ್ವಾ?

ಊಟ ಬಾಡಿಗೆಗೆ ಆಸರೆ ಆಗುತ್ತದೆ. ಸಾಲದ ಕಂತಿಗೆ ಅದನ್ನು ನಂಬಬೇಡಿ. 2024ರ ಮಾರ್ಚಿನಿಂದ ವಿದೇಶಿ ವಿದ್ಯಾರ್ಥಿಗಳು ವರ್ಷಕ್ಕೆ 140 ಪೂರ್ತಿ ದಿನ ಅಥವಾ 280 ಅರ್ಧ ದಿನ ಕೆಲಸ ಮಾಡಬಹುದು. ಪಾಠ ನಡೆಯುವಾಗ ವಾರಕ್ಕೆ 20 ಗಂಟೆ ದಾಟದಂತೆ ನೋಡಿಕೊಳ್ಳಬೇಕು. ಇಲ್ಲದಿದ್ದರೆ ವಿದ್ಯಾರ್ಥಿ ವಿಮೆಯ ರಿಯಾಯಿತಿಗೇ ಕುತ್ತು ಬರುತ್ತದೆ. ಕನಿಷ್ಠ ಕೂಲಿ 2026ರಿಂದ ಗಂಟೆಗೆ 13.90 ಯುರೊ. ಅದಕ್ಕಿಂತ ಕಡಿಮೆ ಕೊಡುತ್ತೇನೆ, ಕೈಗೇ ಕೊಡುತ್ತೇನೆ, ಕಾಗದ ಬೇಡ ಅನ್ನುವವರ ಹತ್ತಿರ ಹೋಗಲೇಬೇಡಿ. ಸಿಕ್ಕಿಬಿದ್ದರೆ ಅಲ್ಲಿ ಇರಲು ಕೊಟ್ಟ ಪರವಾನಗಿಗೇ ತೊಂದರೆ.

ಗೋದಾಮು, ಹೋಟೆಲು, ಡೆಲಿವರಿ ಕೆಲಸ ಬೇಗ ಸಿಗುತ್ತವೆ. ನಿಮ್ಮ ಓದಿಗೆ ಸಂಬಂಧಪಟ್ಟ ವೆರ್ಕ್‌ಸ್ಟುಡೆಂಟ್ ಕೆಲಸ (ಓದುತ್ತಲೇ ಕಂಪನಿಯಲ್ಲಿ ಮಾಡುವುದು) ಅಥವಾ ಪ್ರೊಫೆಸರರ ಹತ್ತಿರ ಸಹಾಯಕರ ಕೆಲಸ ಸಿಗಲು ತಡವಾಗುತ್ತದೆ. ಆದರೆ ಮುಂದೆ ನೌಕರಿ ಹುಡುಕುವಾಗ ಎಣಿಕೆಗೆ ಬರುವುದು ಅದೇ. ಮೊದಲ ಸೆಮಿಸ್ಟರ್ ಪೂರ್ತಿ ಓದಿಗೇ ಕೊಡಲು ಆಗುವಷ್ಟು ಹಣ ಕೈಯಲ್ಲಿಟ್ಟುಕೊಂಡು ಹೋಗಿ. ರಾತ್ರಿ ಪಾಳಿ ಮಾಡಿ ಬೆಳಿಗ್ಗೆ ಪರೀಕ್ಷೆಯಲ್ಲಿ ಕೂತು ಹೈರಾಣಾದ ಮಕ್ಕಳನ್ನು ನೋಡಿದ್ದೇನೆ, ಅದು ಬೇಡ.

ಸೂಟ್‌ಕೇಸಿನಲ್ಲಿ ಊರಿನ ಏನೇನು ಒಯ್ಯಬಹುದು?

ಆಯಿ-ಅಪ್ಪನ ಕಡೆಯಿಂದ ಅತಿ ಹೆಚ್ಚು ಬರುವ ಪ್ರಶ್ನೆ. ಯುರೋಪಿನ ನಿಯಮ ಸ್ಪಷ್ಟವಾಗಿದೆ. ಹಾಲಿನ ಪದಾರ್ಥ ಮತ್ತು ಮಾಂಸ ತರುವಂತಿಲ್ಲ. ಅಂದರೆ ಮನೆಯ ತುಪ್ಪ ಹೋಗುವುದಿಲ್ಲ. ಎಷ್ಟು ಪ್ರೀತಿಯಿಂದ ಕಾಸಿದ್ದರೂ ಕಸ್ಟಮ್ಸ್‌ನವರು ತೆಗೆದು ಎಸೆಯುತ್ತಾರೆ. ಅಲ್ಲಿ ಒಳ್ಳೆ ಬೆಣ್ಣೆ ಕಡಿಮೆ ಬೆಲೆಗೆ ಸಿಗುತ್ತದೆ, ಕಾಸಿಕೊಂಡರಾಯಿತು.

ಮೀನಿಗೆ ಅಡ್ಡಿ ಇಲ್ಲ. ಒಬ್ಬರು 20 ಕಿಲೊವರೆಗೆ ಮೀನಿನ ಪದಾರ್ಥ ಒಯ್ಯಬಹುದು. ಕಾರವಾರ, ಅಂಕೋಲಾದವರ ಒಣ ಬಂಗಡೆ, ಒಣ ಸಿಗಡಿ ಎರಡೂ ಇದರಲ್ಲಿ ಬರುತ್ತವೆ. ಆದರೆ ವಾಸನೆ ಹೊರಗೆ ಬಾರದ ಹಾಗೆ ಮೂರು ಸುತ್ತು ಕಟ್ಟಿ. ಜೇನುತುಪ್ಪ 2 ಕಿಲೊವರೆಗೆ ಆಗುತ್ತದೆ. ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ, ಜೋನಿಬೆಲ್ಲ, ಮುರುಗಲ ಸಿಪ್ಪೆ, ವಾಟೆಹುಳಿ, ಸಾಂಬಾರ ಪುಡಿ, ಇವುಗಳಿಗೆ ತೊಂದರೆ ಇಲ್ಲ. ಉಪ್ಪಿನಕಾಯಿ, ಜೋನಿಬೆಲ್ಲ, ಜೇನು ಮೂರನ್ನೂ ಚೆಕ್-ಇನ್ ಬ್ಯಾಗಿಗೇ ಹಾಕಿ. ಕೈಚೀಲದಲ್ಲಿದ್ದರೆ ದ್ರವ ಅಂತ ಭದ್ರತೆಯವರು ತೆಗೆಸುತ್ತಾರೆ. ಉಪ್ಪಿನಕಾಯಿ ಗಾಜಿನ ಭರಣಿಯಲ್ಲಿ ಬೇಡ. ದಪ್ಪ ಪ್ಲಾಸ್ಟಿಕ್ ಡಬ್ಬಿಗೆ ತುಂಬಿ, ಬಾಯಿಗೆ ಹಾಳೆ ಇಟ್ಟು ಮುಚ್ಚಳ ತಿರುಗಿಸಿ, ಮೇಲಿಂದ ಟೇಪ್ ಸುತ್ತಿ, ಹಳೆ ಟವೆಲಿನಲ್ಲಿ ಮಡಚಿ ಬಟ್ಟೆಯ ನಡುವೆ ಇಡಿ. ವಿಮಾನದಲ್ಲಿ ಒತ್ತಡ ಬದಲಾಗುವಾಗ ಎಣ್ಣೆ ಹೊರಬರುವುದು ಮುಚ್ಚಳದ ಸಂದಿಯಿಂದಲೇ.

ತಾಜಾ ಕರಿಬೇವು, ಮಾವಿನಹಣ್ಣು, ಸೊಪ್ಪು ತರಕಾರಿಗೆ ಸಸ್ಯ ಆರೋಗ್ಯದ ಪ್ರಮಾಣಪತ್ರ ಬೇಕು, ಹಾಗಾಗಿ ಬಿಟ್ಟುಬಿಡಿ. ಕರಿಬೇವನ್ನು ನೆರಳಲ್ಲಿ ಒಣಗಿಸಿ ಪುಡಿ ಮಾಡಿಕೊಳ್ಳಿ. ಒಣ ಕೊಬ್ಬರಿ ಬೇಗ ಬೆಂಕಿ ಹಿಡಿಯುವ ವಸ್ತು ಅಂತ ವಿಮಾನದಲ್ಲೇ ಬಿಡುವುದಿಲ್ಲ. ತೆಂಗಿನಕಾಯಿ ಹೊತ್ತುಕೊಂಡು ಹೋಗಬೇಕಾಗಿಲ್ಲ, ಏಷ್ಯನ್ ಅಂಗಡಿಗಳಲ್ಲಿ ತುರಿದು ಫ್ರೀಜ್ ಮಾಡಿದ ಕಾಯಿ ಸಿಗುತ್ತದೆ.

ಚಿಕ್ಕ ಮಿಕ್ಸರ್ ಒಯ್ಯಿರಿ. ಅಲ್ಲೂ 230 ವೋಲ್ಟ್, 50 ಹರ್ಟ್ಸ್. ನಮ್ಮ ಮೂರು ಪಿನ್ನು ಮಾತ್ರ ಅಲ್ಲಿನ ಸಾಕೆಟ್ಟಿಗೆ ಕೂರುವುದಿಲ್ಲ, ಅಡಾಪ್ಟರ್ ಬೇಕು. ಕಾಯಿ, ಮೆಣಸು, ಕೊತ್ತಂಬರಿ ಬೀಸಿ ಅಡುಗೆ ಮಾಡುವ ನಮ್ಮ ಕಡೆಯವರಿಗೆ ಅಲ್ಲಿ ಸಿಗುವ ಬ್ಲೆಂಡರ್ ಸಾಲುವುದಿಲ್ಲ. ದಪ್ಪ ಜಾಕೆಟ್ ಇಲ್ಲಿ ಕೊಳ್ಳಬೇಡಿ. ಅಲ್ಲೇ ಸೆಕೆಂಡ್ ಹ್ಯಾಂಡ್ ಅಂಗಡಿಯಲ್ಲಿ ಅಲ್ಲಿನ ಚಳಿಗೆ ತಕ್ಕದ್ದು ಸಿಗುತ್ತದೆ.

ಹೋದ ಕೂಡಲೇ ಏನು ಮಾಡಬೇಕು?

ಮನೆಗೆ ಸೇರಿದ ಎರಡು ವಾರದೊಳಗೆ ನಗರ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಮನೆ ಮಾಲೀಕರು ಸಹಿ ಮಾಡಿದ ಒಂದು ಹಾಳೆ ಇಲ್ಲದೆ ಅದು ಆಗುವುದಿಲ್ಲ. ಅದಾದ ಮೇಲೆ ತೆರಿಗೆ ಸಂಖ್ಯೆ ಅಂಚೆಯಲ್ಲಿ ಬರುತ್ತದೆ. ಬ್ಯಾಂಕ್ ಖಾತೆ, ವಿಮೆ, ಕೆಲಸ, ಪರವಾನಗಿ ಎಲ್ಲಕ್ಕೂ ಆ ನೋಂದಣಿ ಕಾಗದ ಕೇಳುತ್ತಾರೆ. ದೊಡ್ಡ ಊರುಗಳಲ್ಲಿ ಕಚೇರಿಯ ಸಮಯ ಸಿಗುವುದೇ ಕಷ್ಟ. ಅದಕ್ಕೇ ವಿಮಾನ ಹತ್ತುವ ಮೊದಲೇ ಆನ್‌ಲೈನಿನಲ್ಲಿ ದಿನ ಹಿಡಿದಿಡಿ.

ಇನ್ನೊಂದು ಸಣ್ಣ ಕೆಲಸ. ಅಂಚೆಪೆಟ್ಟಿಗೆ ಮೇಲೆ ನಿಮ್ಮ ಹೆಸರು ಅಂಟಿಸಿ. ನಮ್ಮೂರಲ್ಲಿ ಪೋಸ್ಟ್‌ಮ್ಯಾನ್‌ಗೆ ಯಾರ ಮಗ, ಯಾವ ಕೇರಿ ಎಲ್ಲ ಗೊತ್ತು. ಅಲ್ಲಿ ಪೆಟ್ಟಿಗೆ ಮೇಲೆ ಹೆಸರಿಲ್ಲದಿದ್ದರೆ ಕಾಗದ ವಾಪಸ್ ಹೋಗುತ್ತದೆ. ಬ್ಯಾಂಕ್ ಕಾರ್ಡು, ಅದರ ಪಿನ್, ವಿಮೆಯ ಕಾರ್ಡು, ಕಚೇರಿಯ ನೋಟಿಸು, ಎಲ್ಲ ಬರುವುದು ಅಂಚೆಯಲ್ಲೇ. ಬಂದ ಪ್ರತಿ ಪತ್ರವನ್ನೂ ಅದೇ ದಿನ ಬಿಡಿಸಿ ನೋಡಿ. ಅರ್ಥ ಆಗದಿದ್ದರೆ ಫೋನಿನಲ್ಲಿ ಫೋಟೊ ತೆಗೆದು ಅನುವಾದಿಸಿ. ಎಲ್ಲವನ್ನೂ ಒಂದು ಫೈಲಿನಲ್ಲಿ ಹಾಕಿಡಿ. ಟಿವಿ ಇಲ್ಲದಿದ್ದರೂ ಮನೆಗೆ ತಿಂಗಳಿಗೆ 18.36 ಯುರೊ ಪ್ರಸಾರ ಶುಲ್ಕದ ಪತ್ರ ಬರುತ್ತದೆ. ಅದು ಮೋಸವಲ್ಲ. ಒಂದು ಮನೆಗೆ ಒಂದೇ ಶುಲ್ಕ, ಜೊತೆಯವರು ಹಂಚಿಕೊಳ್ಳಬಹುದು.

ಊರಿನ ಸಿಮ್ ಕಾರ್ಡನ್ನು ಮಾತ್ರ ಸಾಯಲು ಬಿಡಬೇಡಿ. ಬ್ಯಾಂಕಿನ ಒಟಿಪಿ, ಆಧಾರದ ಒಟಿಪಿ ಎಲ್ಲ ಅದಕ್ಕೇ ಬರುವುದು.

ಮನೆ ಹುಡುಕುವುದು ಹೇಗೆ? ಮೊದಲೇ ಹಣ ಕಳಿಸಿ ಅನ್ನುತ್ತಿದ್ದಾರೆ.

ಕಳಿಸಬೇಡಿ. "ನಾನು ವಿದೇಶದಲ್ಲಿದ್ದೇನೆ, ಮುಂಗಡ ಹಾಕಿದರೆ ಕೀಲಿ ಅಂಚೆಯಲ್ಲಿ ಕಳಿಸುತ್ತೇನೆ" ಅನ್ನುವವರೆಲ್ಲ ಮೋಸಗಾರರು. ಫೋಟೊ ಚಂದ ಇದ್ದು ಬಾಡಿಗೆ ತೀರ ಕಡಿಮೆ ಇದ್ದರೆ ಅಲ್ಲೇ ಅನುಮಾನ ಪಡಿ.

ಸೀಟು ಸಿಕ್ಕ ದಿನವೇ, ವಿದ್ಯಾರ್ಥಿಗಳ ವಸತಿ ಊಟ ನೋಡಿಕೊಳ್ಳುವ ಸಂಸ್ಥೆಯಾದ ಸ್ಟುಡಿಯೆರೆಂಡೆನ್‌ವೆರ್ಕ್‌ನ ವಿದ್ಯಾರ್ಥಿ ಹಾಸ್ಟೆಲಿಗೆ ಅರ್ಜಿ ಹಾಕಿ. ಕಾಯುವ ಪಟ್ಟಿ ಉದ್ದ ಇರುತ್ತದೆ. ಇನ್ನೊಂದು ದಾರಿ ನಾಲ್ಕಾರು ಜನ ಸೇರಿ ಇರುವ ಮನೆ. ಅದಕ್ಕೆ ವೇಗೇ ಅನ್ನುತ್ತಾರೆ. ಅಲ್ಲಿ ನಿಮ್ಮನ್ನು ಮಾತಾಡಿಸಿ, ಹೊಂದಿಕೆ ಆಗುತ್ತದಾ ಅಂತ ನೋಡಿಯೇ ಸೇರಿಸಿಕೊಳ್ಳುತ್ತಾರೆ. ಬಾಡಿಗೆ ಹೇಳುವಾಗ ಬಿಸಿ ನೀರು, ಹೀಟರು ಸೇರಿದ ಬಾಡಿಗೆಯಾ ಬರೀ ಗೋಡೆಯ ಬಾಡಿಗೆಯಾ ಅಂತ ಕೇಳಿ. ಠೇವಣಿ ಆ ಬರೀ ಗೋಡೆಯ ಬಾಡಿಗೆಯ ಮೂರು ತಿಂಗಳ ಮೊತ್ತಕ್ಕಿಂತ ಜಾಸ್ತಿ ಕೇಳುವಂತಿಲ್ಲ, ಮೂರು ಕಂತಿನಲ್ಲಿ ಕಟ್ಟುವ ಹಕ್ಕೂ ಕಾನೂನಿನಲ್ಲಿದೆ. ಒಳಗೆ ಹೋದ ದಿನವೇ ಗೋಡೆ, ನೆಲ, ಸಿಂಕು ಎಲ್ಲದರ ಫೋಟೊ ತೆಗೆದಿಡಿ. ಬಿಡುವಾಗ ಠೇವಣಿ ವಾಪಸ್ ಪಡೆಯಲು ಅದೇ ಸಾಕ್ಷಿ.

ಚಳಿಯಲ್ಲೂ ಕಿಟಕಿ ತೆರೆಯಿರಿ ಅಂತಾರೆ, ಯಾಕೆ?

ಬೂಷ್ಟು ಬರದ ಹಾಗೆ. ಮಳೆಗಾಲದಲ್ಲಿ ನಮ್ಮ ಕರಾವಳಿಯ ಮನೆಗಳ ಗೋಡೆ, ಚಪ್ಪಲಿ, ಕಪಾಟಿನ ಬಟ್ಟೆ ಹೇಗೆ ಬೂಷ್ಟು ಹಿಡಿಯುತ್ತವೆ ಗೊತ್ತಲ್ಲ. ಅಲ್ಲಿನ ಮನೆಗಳು ಗಾಳಿ ಹೊಗದಷ್ಟು ಬಿಗಿ. ಒಳಗೆ ಅಡುಗೆ ಮಾಡಿ, ಸ್ನಾನ ಮಾಡಿ, ಬಟ್ಟೆ ಒಣಗಿಸಿದರೆ ತೇವ ಎಲ್ಲ ತಣ್ಣನೆ ಗೋಡೆಗೆ ಹೋಗಿ ಕೂರುತ್ತದೆ. ದಿನಕ್ಕೆ ಎರಡು ಮೂರು ಸಲ ಐದು-ಹತ್ತು ನಿಮಿಷ ಕಿಟಕಿಯನ್ನು ಪೂರ್ತಿ ತೆರೆಯಿರಿ. ಆಗ ಹೀಟರು ಆರಿಸಿ. ಬೂಷ್ಟು ಬಂದರೆ ರಿಪೇರಿಯ ಖರ್ಚು ನಿಮ್ಮ ತಲೆಗೇ ಬರಬಹುದು.

ಸಸ್ಯಾಹಾರಿಗಳಿಗೆ ಅಲ್ಲಿ ಕಷ್ಟವಾ?

ಈಗ ಅಷ್ಟಿಲ್ಲ. ವಿಶ್ವವಿದ್ಯಾಲಯದ ಊಟದ ಮನೆ ಮೆನ್ಸಾದಲ್ಲಿ ಸಸ್ಯಾಹಾರದ ಒಂದಾದರೂ ಊಟ ಇರುತ್ತದೆ, ವಿದ್ಯಾರ್ಥಿಗಳಿಗೆ ಬೆಲೆಯೂ ಕಡಿಮೆ. ಅಂಗಡಿ ಪ್ಯಾಕೆಟ್ಟಿನ ಮೇಲೆ ವೀಗನ್ ಅಂತಿದ್ದರೆ ಯೋಚನೆಯೇ ಬೇಡ. ಮೆತ್ತನೆ ಜೆಲ್ಲಿ ಮಿಠಾಯಿಗಳಲ್ಲಿ, ಕೆಲವು ಸಿಹಿ ಮೊಸರುಗಳಲ್ಲಿ ಪ್ರಾಣಿಯ ಜೆಲಟಿನ್ ಇರುತ್ತದೆ. ಕೆಲವು ಚೀಸ್‌ನಲ್ಲಿ ಕರುವಿನ ಹೊಟ್ಟೆಯ ರೆನೆಟ್ ಇರುತ್ತದೆ. ಮಡಿ ಮೈಲಿಗೆ ನೋಡುವ ಮನೆಯವರು ಒಂದು ತಿಳಿದಿರಲಿ, ಹಂಚಿಕೊಂಡ ಅಡುಗೆಮನೆಯಲ್ಲಿ ಅದೇ ಒಲೆ, ಅದೇ ಫ್ರಿಜ್ಜಿನಲ್ಲಿ ಇನ್ನೊಬ್ಬರ ಮಾಂಸ ಇದ್ದೇ ಇರುತ್ತದೆ. ಪಾತ್ರೆ ಬೇರೆ ಇಟ್ಟುಕೊಳ್ಳಬಹುದು, ಅಷ್ಟೇ ಸಾಧ್ಯ. ಇದನ್ನು ಮೊದಲೇ ಒಪ್ಪಿ ಕಳಿಸಿ. ಅಲ್ಲಿದ್ದವರು ಫೋನಿನಲ್ಲಿ ಸುಳ್ಳು ಹೇಳುವ ಹಾಗೆ ಆಗಬಾರದು.

ಮಜ್ಜಿಗೆ, ತಂಬುಳಿಗೆ ಅಲ್ಲಿನ ಮೊಸರು ಚೆನ್ನಾಗಿದೆ. ಒಂದೆಲಗ ಸಿಗುವುದಿಲ್ಲ. ಶುಂಠಿ, ಮೆಂತ್ಯ, ಜೀರಿಗೆ ತಂಬುಳಿ ಧಾರಾಳವಾಗಿ ಮಾಡಿಕೊಳ್ಳಬಹುದು.

ಕುಚ್ಚಲಕ್ಕಿ, ಮೀನು ಸಿಗುತ್ತದಾ?

ಶ್ರೀಲಂಕಾದ ತಮಿಳರ ಅಂಗಡಿ ಹುಡುಕಿ. ಜರ್ಮನಿಯ ಎಷ್ಟೋ ಊರಲ್ಲಿ ಅವರ ಅಂಗಡಿಗಳಿವೆ. ಕೆಂಪು ಕುಚ್ಚಲಕ್ಕಿ, ಕರಿಬೇವು, ನುಗ್ಗೆ, ಫ್ರೀಜ್ ಮಾಡಿದ ಇಡೀ ಮೀನು ಅಲ್ಲಿ ಸಿಗುತ್ತದೆ. ಸೂಪರ್‌ಮಾರ್ಕೆಟ್ಟಿನಲ್ಲಿ ಮ್ಯಾಕೆರೆಲ್ ಹೆಚ್ಚಾಗಿ ಹೊಗೆ ಹಾಕಿದ್ದು, ಸಾರಿಗೆ ಬರುವುದಿಲ್ಲ. ಮೀನು ಹುರಿಯುವಾಗ, ಒಗ್ಗರಣೆಗೆ ಮೆಣಸು ಹಾಕುವಾಗ ಅಡುಗೆಮನೆ ಬಾಗಿಲು ಮುಚ್ಚಿ, ಕಿಟಕಿ ತೆರೆದು, ಚಿಮಣಿ ಹಾಕಿ. ಮಲಗುವ ಕೋಣೆಗಳಲ್ಲಿ ಹೊಗೆ ಅಲಾರಂ ಇರುವುದು ಕಡ್ಡಾಯ, ಒಗ್ಗರಣೆ ಹೊಗೆಗೂ ಅದು ಕೂಗುತ್ತದೆ. ಜೊತೆಯವರಿಗೆ ಮೊದಲೇ ಒಂದು ಮಾತು ಹೇಳಿ, ಒಂದು ತುಂಡು ರುಚಿಗೂ ಕೊಡಿ.

ಭಾನುವಾರ ಎಲ್ಲ ಬಂದ್ ಅಂತೆ?

ಹೌದು. ಅಂಗಡಿಗಳು ಮುಚ್ಚಿರುತ್ತವೆ. ದೊಡ್ಡ ರೈಲು ನಿಲ್ದಾಣದೊಳಗಿನ ಅಂಗಡಿಯಂಥ ಕೆಲವು ಮಾತ್ರ ತೆರೆದಿರುತ್ತವೆ. ಶನಿವಾರವೇ ಸಾಮಾನು ತನ್ನಿ. ಭಾನುವಾರ ಮತ್ತು ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಗಲಾಟೆ ಮಾಡುವಂತಿಲ್ಲ. ಆ ಹೊತ್ತಿನಲ್ಲಿ ಮಿಕ್ಸರ್, ವಾಷಿಂಗ್ ಮಷಿನ್ ಬೇಡ. ನೀರು, ಸೋಡಾದ ಬಳಸಿ ಎಸೆಯುವ ಬಾಟಲಿಗೆ 25 ಸೆಂಟ್ ಠೇವಣಿ ಸೇರಿರುತ್ತದೆ. ಕಸಕ್ಕೆ ಹಾಕದೆ ಅಂಗಡಿಯ ಯಂತ್ರಕ್ಕೆ ಹಾಕಿದರೆ ಚೀಟಿ ಬರುತ್ತದೆ, ಬಿಲ್ಲಿನಲ್ಲಿ ಕಳೆಯುತ್ತಾರೆ.

ಕೋರ್ಸು ಇಂಗ್ಲಿಷಿನಲ್ಲಿದೆ. ಜರ್ಮನ್ ಕಲಿಯಬೇಕಾ?

ಕಲಿಯಿರಿ. ಇದರಲ್ಲಿ ನಾನು ಎರಡು ಮಾತು ಹೇಳುವುದಿಲ್ಲ. ಪಾಠ ಇಂಗ್ಲಿಷಿನಲ್ಲಿ ನಡೆಯಬಹುದು. ಮನೆ ಮಾಲೀಕರು, ಕಚೇರಿಯವರು, ಡಾಕ್ಟರ ಸ್ವಾಗತದ ಮೇಜಿನವರು ಜರ್ಮನ್‌ನಲ್ಲೇ ಮಾತಾಡುತ್ತಾರೆ. ನೌಕರಿ ಕೊಡುವ ಹೆಚ್ಚಿನ ಕಂಪನಿಗಳೂ ಭಾಷೆ ಕೇಳುತ್ತವೆ. ವೀಸಾ ಕಾಯುವ ತಿಂಗಳುಗಳನ್ನು ಸುಮ್ನೆ ಕಳೆಯಬೇಡಿ. ಹೊರಡುವ ಮೊದಲು ಎ2 (ಭಾಷೆಯ ಎರಡನೇ ಹಂತ) ಮುಗಿಸಿದರೆ ಅಲ್ಲಿ ಮುಂದಿನ ಹಂತ ಬಿ1ಕ್ಕೆ ನೇರ ಸೇರಬಹುದು. ವಿಶ್ವವಿದ್ಯಾಲಯಗಳಲ್ಲಿ ಭಾಷೆಯ ತರಗತಿ ಪುಕ್ಕಟೆ ಅಥವಾ ತೀರ ಕಡಿಮೆ ಫೀಸಿಗೆ ಸಿಗುತ್ತದೆ. ನಮ್ಮ ಕಡೆಯ ಮಕ್ಕಳು ಮನೆಯಲ್ಲೊಂದು, ಪೇಟೆಯಲ್ಲೊಂದು, ಶಾಲೆಯಲ್ಲೊಂದು ಭಾಷೆ ಆಡುತ್ತ ಬೆಳೆದವರು. ಕೊಂಕಣಿ, ಕನ್ನಡ, ಮರಾಠಿ, ಹಿಂದಿ ಕಿವಿಯಲ್ಲೇ ಕಲಿತವರಿಗೆ ಇನ್ನೊಂದು ಬರುವುದಿಲ್ಲ ಅಂತ ನಾನು ಒಪ್ಪುವುದಿಲ್ಲ.

ಅಲ್ಲಿನ ಪಾಠ, ಪರೀಕ್ಷೆ ಹೇಗಿರುತ್ತದೆ?

ಹಾಜರಿ ಹಿಡಿಯುವವರು ಕಡಿಮೆ, ಇಂಟರ್ನಲ್ಸ್ ಇಲ್ಲದ ವಿಷಯಗಳೇ ಹೆಚ್ಚು. ಸೆಮಿಸ್ಟರ್ ಕೊನೆಯ ಒಂದು ಪರೀಕ್ಷೆಯಲ್ಲಿ ಎಲ್ಲ ತೀರ್ಮಾನ ಆಗುವುದುಂಟು. 1.0 ಅಂದರೆ ಅತ್ಯುತ್ತಮ, 4.0 ಅಂದರೆ ಪಾಸು, 5.0 ನಪಾಸು. ಪರೀಕ್ಷೆಗೆ ಪೋರ್ಟಲಿನಲ್ಲಿ ನೀವೇ ಹೆಸರು ನೋಂದಾಯಿಸಬೇಕು. ಆ ದಿನಾಂಕ ತಪ್ಪಿದರೆ ಕೂರಲು ಬಿಡುವುದಿಲ್ಲ. ಎಷ್ಟೋ ಕಡೆ ಒಂದು ವಿಷಯಕ್ಕೆ ಮೂರೇ ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರನೆಯದೂ ಹೋದರೆ ಆ ಕೋರ್ಸಿನಿಂದಲೇ ಹೊರಗೆ. ಬ್ಯಾಕ್ ಉಳಿಸಿಕೊಂಡು ಆಮೇಲೆ ಕಟ್ಟುವ ನಮ್ಮ ರೂಢಿ ಅಲ್ಲಿ ನಡೆಯುವುದಿಲ್ಲ. ಓದಿ ತಯಾರಾಗದಿದ್ದರೆ ನಿಯಮದೊಳಗೆ ಮೊದಲೇ ಹೆಸರು ಹಿಂದೆ ತೆಗೆಯಿರಿ.

ಒಬ್ಬರ ಅಸೈನ್‌ಮೆಂಟ್ ನೋಡಿ ಇನ್ನೊಬ್ಬರು ಬರೆಯುವುದು ಅಲ್ಲಿ ದೊಡ್ಡ ಅಪರಾಧ. ಪ್ರತಿ ಸೆಮಿಸ್ಟರಿಗೂ ಗಡುವಿನೊಳಗೆ ಸೆಮಿಸ್ಟರ್ ಶುಲ್ಕ (ಇದು ಪಾಠದ ಶುಲ್ಕವಲ್ಲ, ಬೇರೆ) ಕಟ್ಟಿ, ಇಲ್ಲದಿದ್ದರೆ ಹೆಸರೇ ತೆಗೆಯುತ್ತಾರೆ. ಅರ್ಥ ಆಗದ್ದನ್ನು ಪ್ರೊಫೆಸರರ ಹತ್ತಿರ ನೇರವಾಗಿ ಕೇಳಿ. ನಾವು ದೊಡ್ಡವರ ಎದುರು ಮಾತಾಡಬಾರದು ಅಂತ ಕಲಿತು ಬೆಳೆದಿರುತ್ತೇವೆ. ಅಲ್ಲಿ ಪ್ರಶ್ನೆ ಕೇಳಿದರೆ ಯಾರೂ ಎದುರುತ್ತರ ಅಂದುಕೊಳ್ಳುವುದಿಲ್ಲ.

ಓಡಾಟಕ್ಕೆ ಎಷ್ಟು ಬೇಕು?

ಹೆಚ್ಚಿನ ವಿಶ್ವವಿದ್ಯಾಲಯಗಳಲ್ಲಿ ಸೆಮಿಸ್ಟರ್ ಶುಲ್ಕದಲ್ಲೇ ಬಸ್ಸು, ಟ್ರಾಮು, ಪ್ಯಾಸೆಂಜರ್ ರೈಲಿನ ಟಿಕೆಟ್ ಸೇರಿರುತ್ತದೆ. ವೇಗದ ಐಸಿಇ ರೈಲಿಗೆ ಅದು ನಡೆಯುವುದಿಲ್ಲ. ಟಿಕೆಟ್ ಇಲ್ಲದೆ ಸಿಕ್ಕರೆ 60 ಯುರೊ ದಂಡ.

ಹುಷಾರಿಲ್ಲದಿದ್ದರೆ?

ಜೀವಕ್ಕೆ ಅಪಾಯ ಅನ್ನಿಸಿದರೆ 112. ರಾತ್ರಿ ಅಥವಾ ರಜೆಯ ದಿನ ಡಾಕ್ಟರು ಬೇಕು, ಆದರೆ ಅಷ್ಟು ತುರ್ತಲ್ಲ ಅಂದರೆ 116117. ಪೊಲೀಸರಿಗೆ 110. ಸರ್ಕಾರಿ ಮಾದರಿಯ ವಿಮೆ ಇದ್ದರೆ ಡಾಕ್ಟರ ಹತ್ತಿರ ಕಾರ್ಡು ತೋರಿಸಿದರೆ ಸಾಕು. ಔಷಧಿಗೆ ಸಾಮಾನ್ಯವಾಗಿ 5ರಿಂದ 10 ಯುರೊ ಕೊಡಬೇಕು. ಆಂಟಿಬಯೊಟಿಕ್ ಚೀಟಿ ಇಲ್ಲದೆ ಯಾರೂ ಕೊಡುವುದಿಲ್ಲ. ಊರಿನಿಂದ ಸ್ವಂತಕ್ಕೆ ಮೂರು ತಿಂಗಳಿಗೆ ಆಗುವಷ್ಟು ಔಷಧಿ, ಡಾಕ್ಟರ ಚೀಟಿ ಸಮೇತ ಒಯ್ಯಬಹುದು. ಹಲ್ಲು ಮತ್ತು ಕನ್ನಡಕದ ಕೆಲಸ ಇಲ್ಲೇ ಮುಗಿಸಿಕೊಂಡು ಹೋಗಿ.

ಮಗಳು ಫೋನಿನಲ್ಲಿ ಮೊದಲಿನ ಹಾಗೆ ಮಾತಾಡುತ್ತಿಲ್ಲ. ಏನು ಮಾಡಲಿ?

ಮೊದಲು ಗಡಿಯಾರ ನೋಡಿ. ಚಳಿಗಾಲದಲ್ಲಿ ಅಲ್ಲಿ ನಮಗಿಂತ ನಾಲ್ಕೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಮೂರೂವರೆ. ಮಾರ್ಚ್ ಮತ್ತು ಅಕ್ಟೋಬರಿನ ಕೊನೆಯ ಭಾನುವಾರ ಅವರ ಗಡಿಯಾರ ಬದಲಾಗುತ್ತದೆ. ನೀವು ಸಂಜೆ ದೀಪ ಹಚ್ಚಿ ಏಳು ಗಂಟೆಗೆ ಫೋನ್ ಹಿಡಿಯುವಾಗ ಅವಳು ಲ್ಯಾಬಿನಲ್ಲೋ ಕ್ಲಾಸಿನಲ್ಲೋ ಇರುತ್ತಾಳೆ. ವಾರದಲ್ಲಿ ಒಂದು ದಿನ ಇಬ್ಬರಿಗೂ ಪುರುಸೊತ್ತಿನ ಹೊತ್ತು ಗೊತ್ತು ಮಾಡಿಕೊಳ್ಳಿ. ಉಳಿದ ದಿನ ಒಂದು ವಾಯ್ಸ್ ಮೆಸೇಜ್ ಸಾಕು.

ಎರಡನೆಯದು ಕತ್ತಲು. ಕಾರವಾರದಲ್ಲಿ ವರ್ಷವಿಡೀ ಸೂರ್ಯ ಆರರಿಂದ ಏಳರ ಆಸುಪಾಸಿನಲ್ಲಿ ಕಡಲಿಗೆ ಇಳಿಯುತ್ತಾನೆ. ಬರ್ಲಿನ್‌ನಲ್ಲಿ ಡಿಸೆಂಬರಿನಲ್ಲಿ ಬೆಳಿಗ್ಗೆ ಎಂಟು ದಾಟಿದ ಮೇಲೆ ಬೆಳಕು, ಮಧ್ಯಾಹ್ನ ನಾಲ್ಕಕ್ಕೆ ಕತ್ತಲು. ಅದೂ ಮೋಡ ಕವಿದ ಬೆಳಕು. ಎಂಥವರಿಗೂ ಮನಸ್ಸು ಕುಗ್ಗುತ್ತದೆ. ಮಧ್ಯಾಹ್ನ ಬೆಳಕಿರುವಾಗ ಅರ್ಧ ಗಂಟೆ ಹೊರಗೆ ನಡೆಯಲಿ. ವಿಟಮಿನ್ ಡಿ ಬಗ್ಗೆ ಡಾಕ್ಟರನ್ನು ಕೇಳಲಿ. ಯಾವುದಾದರೂ ಆಟದ ಗುಂಪಿಗೋ ಹಾಡಿನ ಗುಂಪಿಗೋ ಸೇರಲಿ. ವಾರಕ್ಕೊಮ್ಮೆ ಯಾರಾದರೂ ಕಾಯುತ್ತಿರುತ್ತಾರೆ ಅನ್ನುವುದೇ ದೊಡ್ಡ ಬಲ.

ನಿದ್ದೆ ಇಲ್ಲ, ಊಟ ಬಿಟ್ಟಿದ್ದಾಳೆ, ಕ್ಲಾಸಿಗೂ ಹೋಗುತ್ತಿಲ್ಲ ಅನ್ನಿಸಿದರೆ "ಗಟ್ಟಿಯಾಗಿರು" ಅಂತ ಹೇಳಿ ಫೋನ್ ಇಡಬೇಡಿ. ಸ್ಟುಡಿಯೆರೆಂಡೆನ್‌ವೆರ್ಕ್‌ಗಳಲ್ಲಿ ಆಪ್ತ ಸಲಹೆ ಕೊಡುವವರು ಇರುತ್ತಾರೆ. ಹೆಚ್ಚಾಗಿ ಹಣ ಇಲ್ಲ, ಇಂಗ್ಲಿಷಿನಲ್ಲೂ ಮಾತಾಡುತ್ತಾರೆ, ಹೇಳಿದ್ದು ಹೊರಗೆ ಹೋಗುವುದಿಲ್ಲ. ಅಲ್ಲಿಗೆ ಹೋಗು ಅಂತ ನೀವೇ ಹೇಳಿ. ಸಾಲದ ಮಾತನ್ನು ಪ್ರತಿ ಫೋನಿನಲ್ಲೂ ಎತ್ತಬೇಡಿ. ಅವರಿಗೆ ಅದು ಮರೆತಿರುವುದಿಲ್ಲ. ಬೇಡ ಅನ್ನಿಸಿದರೆ ವಾಪಸ್ ಬರಬಹುದು ಅನ್ನುವ ಮಾತನ್ನು ಹೊರಡುವ ಮೊದಲೇ ಅಪ್ಪ-ಆಯಿ ಬಾಯಿಬಿಟ್ಟು ಹೇಳಿರಬೇಕು. ಹೇಳಿದ್ದರಿಂದ ಯಾರೂ ಓದು ಬಿಟ್ಟು ಬಂದದ್ದನ್ನು ನಾನು ಕಂಡಿಲ್ಲ. ಧೈರ್ಯವಾಗಿ ಉಳಿದವರನ್ನೇ ಕಂಡಿದ್ದೇನೆ.

ಮನೆಯಲ್ಲಿ ಏನಾದರೂ ಆದರೆ ತಕ್ಷಣ ಬರಬಹುದಾ?

ಬರಬಹುದು, ಕಾಗದ ಸರಿ ಇದ್ದರೆ. ಪರವಾನಗಿ ಮುಗಿಯುವ ಮೊದಲೇ ನವೀಕರಣಕ್ಕೆ ಅರ್ಜಿ ಹಾಕಿ. ಹೊಸ ಕಾರ್ಡು ಬರುವವರೆಗೆ ತಾತ್ಕಾಲಿಕ ಪತ್ರ ಕೊಡುತ್ತಾರೆ. ಆ ಪತ್ರ ಇಟ್ಟುಕೊಂಡು ಹೊರಗೆ ಹೋಗಿ ಮತ್ತೆ ಒಳಗೆ ಬರಬಹುದಾ ಅನ್ನುವುದು ಅದು ಯಾವ ಬಗೆಯದು ಅನ್ನುವುದರ ಮೇಲೆ ಹೋಗುತ್ತದೆ. ಪತ್ರ ಕೈಗೆ ಬಂದ ದಿನವೇ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಒಂದು ಟಿಕೆಟ್ಟಿಗೆ ಆಗುವಷ್ಟು ಹಣವನ್ನು ಬೇರೆಯೇ ಇಟ್ಟಿರಿ.

ಕಾರವಾರ, ಅಂಕೋಲಾದವರಿಗೆ ಮುಂಬೈ ಅಥವಾ ದಿಲ್ಲಿ ಮೇಲೆ ಗೋವಾಕ್ಕೆ ಬಂದರೆ ಹತ್ತಿರ. ಬೆಂಗಳೂರಿಗೆ ಇಳಿದರೆ ರಾತ್ರಿಯ ಪಂಚಗಂಗಾ ರೈಲು ಇದೆ. ಶಿರಸಿಯವರು ಹುಬ್ಬಳ್ಳಿಗೆ ಬರುವ ವಿಮಾನ ನೋಡಿ. ಮತ್ತೆ ಮನೆಯವರಲ್ಲಿ ಒಂದು ಕೋರಿಕೆ. ಅಜ್ಜ-ಅಜ್ಜಿಗೆ ಹುಷಾರಿಲ್ಲದಿದ್ದರೆ ಪರೀಕ್ಷೆ ಇದೆ ಅಂತ ಮುಚ್ಚಿಡಬೇಡಿ. ಹೇಳಿ, ಬರುವುದೋ ಬೇಡವೋ ಅವರೇ ತೀರ್ಮಾನಿಸಲಿ.

ಓದು ಮುಗಿದ ಮೇಲೆ ಎಷ್ಟು ದಿನ ಇರಬಹುದು?

ನೌಕರಿ ಹುಡುಕಲು 18 ತಿಂಗಳವರೆಗೆ ಪರವಾನಗಿ ಕೊಡುತ್ತಾರೆ. ಆ ಅವಧಿಯಲ್ಲಿ ಯಾವ ಕೆಲಸವನ್ನಾದರೂ ಮಾಡಬಹುದು. ಖರ್ಚಿಗೆ ಹಣ ಮತ್ತು ವಿಮೆ ಇದೆ ಅಂತ ತೋರಿಸಬೇಕು.

ನಾವು ಹೋಗಿ ನೋಡಿಕೊಂಡು ಬರಬಹುದಾ?

ಖಂಡಿತ ಹೋಗಿ. ಷೆಂಗೆನ್ ಅನ್ನುವ ಅಲ್ಪಾವಧಿ ವೀಸಾದಲ್ಲಿ 90 ದಿನದವರೆಗೆ ಇರಬಹುದು, ಎಷ್ಟು ದಿನ ಅಂತ ವೀಸಾದಲ್ಲೇ ಬರೆದಿರುತ್ತದೆ. 30,000 ಯುರೊ ರಕ್ಷಣೆಯ ಪ್ರಯಾಣ ವಿಮೆ ಬೇಕು. ಕರ್ನಾಟಕದವರ ಅರ್ಜಿ ಬೆಂಗಳೂರಿನಲ್ಲಿ. ತೋಟ, ಮನೆ, ಪಿಂಚಣಿ, ಬ್ಯಾಂಕಿನ ಪುಸ್ತಕ, ಊರಿಗೆ ವಾಪಸ್ ಬರುತ್ತೀರಿ ಅಂತ ತೋರಿಸುವ ಎಲ್ಲ ಕಾಗದ ಜೊತೆಗಿಡಿ. ಪಹಣಿ ಕನ್ನಡದಲ್ಲಿರುವುದರಿಂದ ಇಂಗ್ಲಿಷ್ ಅನುವಾದ ಮಾಡಿಸಿಕೊಳ್ಳಿ. ಮೇ ಅಥವಾ ಜೂನ್‌ನಲ್ಲಿ ಹೋದರೆ ಹವೆ ಹಿತವಾಗಿರುತ್ತದೆ, ರಾತ್ರಿ ಒಂಬತ್ತರವರೆಗೂ ಬೆಳಕಿರುತ್ತದೆ. ಪರೀಕ್ಷೆಯ ದಿನಾಂಕ ಕೇಳಿಕೊಂಡೇ ಟಿಕೆಟ್ ತೆಗೆಯಿರಿ. ಹಾಸ್ಟೆಲ್ ಕೋಣೆಯಲ್ಲಿ ಅತಿಥಿಗಳು ಕೆಲವೇ ದಿನ ಇರಬಹುದು. ಕೆಲವು ಹಾಸ್ಟೆಲುಗಳಲ್ಲಿ ಬಾಡಿಗೆಗೆ ಅತಿಥಿ ಕೋಣೆ ಇರುತ್ತದೆ, ಅದನ್ನು ಮೊದಲೇ ಕಾದಿರಿಸಲು ಮಗನಿಗೋ ಮಗಳಿಗೋ ಹೇಳಿ.